‘ದೆಸೆಯಿಂದ’ ಎಲ್ಲಿಂದ ಬಂತು? ಪಂಚಮೀ ವಿಭಕ್ತಿಯ ಹಿನ್ನೆಲೆ

ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಕನ್ನಡ ಶಾಲೆಯಲ್ಲಿ ಓದಿದವರಿಗೆ ವಿಭಕ್ತಿ ಪ್ರತ್ಯಯಗಳ ಈ ಸಾಲು ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ. ಐದನೆಯದರ ಹತ್ತಿರ ಮಾತ್ರ ಅನುಮಾನ ಶುರು. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾರೂ ಆಡುವುದಿಲ್ಲ; ಮರದಿಂದ ಬಿತ್ತು ಅನ್ನುತ್ತಾರೆ. ಹಾಗಾದರೆ ‘ಮರದಿಂದ’ ತೃತೀಯೆಯೋ ಪಂಚಮಿಯೋ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಪ್ರಶ್ನೆಗೆ ಎರಡೂ ಉತ್ತರ ಕೇಳಿರುತ್ತಾರೆ.

ಏಳು ಎಂಬ ಲೆಕ್ಕ ಸಂಸ್ಕೃತದ್ದು. ಅಲ್ಲಿ ತೃತೀಯೆಯ ‘ರಾಮೇಣ’ ಬೇರೆ, ಪಂಚಮಿಯ ‘ರಾಮಾತ್’ ಬೇರೆ. ರೂಪ ಎರಡಾದ್ದರಿಂದ ಮನೆಯೂ ಎರಡು. ಇಬ್ಬರನ್ನು ಹೇಳುವ ದ್ವಿವಚನಕ್ಕೆ ಬಂದರೆ ತೃತೀಯೆ, ಚತುರ್ಥಿ, ಪಂಚಮಿ ಮೂರಕ್ಕೂ ‘ರಾಮಾಭ್ಯಾಮ್’ ಒಂದೇ. ಆದರೂ ಏಕವಚನದ ಆಧಾರದಲ್ಲಿ ಏಳು ಮನೆ ನಿಲ್ಲುತ್ತವೆ. ಸಂಬೋಧನೆ ಅಲ್ಲಿ ಎಂಟನೆಯದಲ್ಲ, ಪ್ರಥಮೆಯದೇ ಒಂದು ಬಳಕೆ.

ಕನ್ನಡದ ಹಳೆಯ ಮೂರು ಮುಖ್ಯ ವ್ಯಾಕರಣಗಳಲ್ಲಿ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ ಮತ್ತು ಭಟ್ಟಾಕಳಂಕನ 1604ರ ‘ಶಬ್ದಾನುಶಾಸನ’ ಸಂಸ್ಕೃತ ಸೂತ್ರಗಳಲ್ಲೇ ಇವೆ. ಕನ್ನಡದಲ್ಲಿ ಬರೆದವನು 13ನೆಯ ಶತಮಾನದ ಕೇಶಿರಾಜ. ಅವನ ‘ಶಬ್ದಮಣಿದರ್ಪಣ’ದಲ್ಲೂ ಏಳೇ. ತೃತೀಯೆಗೆ ಇಂ, ಇಂದಂ, ಇಂದೆ. ಪಂಚಮಿಗೆ ಅತ್ತಣಿಂ, ಅತ್ತಣಿಂದಂ, ಅತ್ತಣಿಂದೆ. ಎರಡು ಸಾಲನ್ನೂ ಒಂದರ ಕೆಳಗೊಂದು ಬರೆದು ನೋಡಿ: ಎರಡನೆಯದೆಂದರೆ ‘ಅತ್ತಣ’ದ ಬಾಲಕ್ಕೆ ತೃತೀಯೆಯನ್ನೇ ಕಟ್ಟಿದ್ದು. ‘ಅತ್ತ’ ಎಂದರೆ ಆ ಕಡೆ.

ಅತ್ತಣಿಂದ ಬಳಕೆ ತಪ್ಪಿದ ಮೇಲೆ ಹೊಸಗನ್ನಡದ ಪಟ್ಟಿಯಲ್ಲಿ ಐದನೆಯ ಮನೆ ಖಾಲಿ ಬಿತ್ತು. ಮನೆ ತೆಗೆದುಹಾಕುವ ಬದಲು ‘ದೆಸೆಯಿಂದ’ ತಂದು ಕೂರಿಸಲಾಯಿತು. ದೆಸೆ ಎಂಬುದು ದಿಶಾ ಶಬ್ದದ ತದ್ಭವ, ಅದೂ ದಿಕ್ಕೇ. ಬಿಡಿಸಿದರೆ ಹೀಗೆ: ಮರದ (ಷಷ್ಠಿ) + ದೆಸೆ (ನಾಮಪದ) + ಇಂದ (ತೃತೀಯೆ). ಬೇರೆ ಎರಡು ವಿಭಕ್ತಿ ಸಾಲ ತಂದು, ನಡುವೆ ಒಂದು ಇಡೀ ಪದ ಸೇರಿಸಿ, ಅದನ್ನು ಪ್ರತ್ಯಯ ಎಂದು ಕರೆದದ್ದಾಯಿತು. ಈ ಲೆಕ್ಕದಲ್ಲಿ ‘ಕಡೆಯಿಂದ’, ‘ಹತ್ತಿರದಿಂದ’, ‘ಮೇಲಿನಿಂದ’ ಎಲ್ಲಕ್ಕೂ ಒಂದೊಂದು ವಿಭಕ್ತಿ ಕೊಡಬೇಕಾಗುತ್ತದೆ! ಇನ್ನು ‘ನಿನ್ನ ದೆಸೆಯಿಂದ ಹೀಗಾಯ್ತು’ ಎಂದು ಜನ ಬಳಸುವಾಗ ಅದರ ಅರ್ಥ ಕಾರಣ, ಪಂಚಮಿಗೆ ಹೇಳುವ ಅಗಲಿಕೆಯಲ್ಲ.

ಪಠ್ಯಗಳು ಇದಕ್ಕೊಂದು ದಾರಿ ಮಾಡಿಕೊಂಡಿವೆ, ಹೆಸರು ವಿಭಕ್ತಿ ಪಲ್ಲಟ, ಅಂದರೆ ಒಂದು ವಿಭಕ್ತಿಯ ಜಾಗಕ್ಕೆ ಇನ್ನೊಂದು ಬರುವುದು. ‘ಬೆಟ್ಟದ ದೆಸೆಯಿಂದ ಇಳಿದನು’ ಎಂಬುದು ಮೂಲ, ‘ಬೆಟ್ಟದಿಂದ ಇಳಿದನು’ ಎಂಬುದು ಪಲ್ಲಟ. ಎಲ್ಲರೂ ಆಡುವ ಮಾತು ಅಪವಾದದ ಪಟ್ಟಿ ಸೇರಿತು, ಯಾರೂ ಆಡದ್ದು ನಿಯಮವಾಯಿತು. 2000ದ ಸುಮಾರಿಗೆ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು, ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಸುರಿಯುವ ಈ ಪದ್ಧತಿಯನ್ನೇ ಪ್ರಶ್ನಿಸಿದರು. ಹೆಸರುಪದ (ನಾಮಪದ), ಎಸಕಪದ (ಕ್ರಿಯಾಪದ) ಎಂಬಂಥ ಹೊಸ ಪದಗಳನ್ನೂ ಮುಂದಿಟ್ಟರು. ಚರ್ಚೆ ಬಹುಪಾಲು ಆ ಪದಗಳ ಸುತ್ತಲೇ ತಿರುಗಿತು.

ಗೊಂದಲದ ಬೇರು ಎರಡು ಪಾರಿಭಾಷಿಕಗಳನ್ನು ಕಲಸಿದ್ದರಲ್ಲಿದೆ. ವಿಭಕ್ತಿ ರೂಪದ ಹೆಸರು, ಕಾರಕ ಅರ್ಥದ ಹೆಸರು. ‘ಇಂದ’ ಕಂಡರೆ ರೂಪದಲ್ಲಿ ಅದು ತೃತೀಯೆಯೇ. ಕಾರಕ ಯಾವುದೆಂದು ತಿಳಿಯಲು ಆ ಜಾಗದಲ್ಲಿ ಬೇರೆ ಮಾತು ಇಟ್ಟು ನೋಡಬೇಕು. ‘ಕತ್ತಿಯಿಂದ ಕಡಿದ’: ಕತ್ತಿ ಬಳಸಿ ಎಂದರೂ ಸರಿ, ಆದ್ದರಿಂದ ಕರಣ (ಸಾಧನ). ‘ಮರದಿಂದ ಬಿತ್ತು’: ಮರ ಬಳಸಿ ಎಂದರೆ ಕೆಟ್ಟಿತು, ಮರ ಬಿಟ್ಟು ಎಂದರೆ ಹೊಂದಿತು, ಅಪಾದಾನ (ಅಗಲಿಕೆ). ‘ಜ್ವರದಿಂದ ನರಳಿದ’ ಎಂಬಲ್ಲಿ ಎರಡೂ ಹೊಂದುವುದಿಲ್ಲ, ಅದು ಹೇತು (ಕಾರಣ). ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬಲ್ಲಿ ಅದೇ ‘ಇಂದ’ ಕರ್ತೃವಿಗೆ ಬಂದಿದೆ. ಪ್ರಶ್ನೆಪತ್ರಿಕೆ ವಿಭಕ್ತಿ ಕೇಳಿ ಉತ್ತರಸೂಚಿ ಕಾರಕದ ಮೇಲೆ ನಿಂತಾಗ ಅಂಕ ಹೋಗುತ್ತದೆ.

ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಪಟ್ಟಿಯಲ್ಲಿ ‘ಅವನಿಗಿಂತ ಇವನು ಎತ್ತರ’ ಎಂಬಲ್ಲಿನ ‘ಗಿಂತ’ಕ್ಕೆ ಜಾಗವಿಲ್ಲ. ಅದು ಚತುರ್ಥಿಯ ‘ಗೆ’ ಮೇಲೆ ‘ಇಂತ’ ಸೇರಿದ ರೂಪ, ಮನೆಮನೆಯಲ್ಲೂ ದಿನವೂ ಕೇಳುವಂಥದ್ದು. ಸಂಸ್ಕೃತದಲ್ಲಿ ಇಂಥ ಹೋಲಿಕೆಗೆ ಬರುವುದು ಪಂಚಮಿಯೇ.