ನೂರಿಪ್ಪತ್ತು ಜನ ಸಾವಿರಾರು ಜನರನ್ನು ತಡೆದದ್ದು ನಿಜವೇ?

ಪ್ರಶ್ನೆ: ‘ಬಾರ್ಡರ್’ ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಇದೇ ಚರ್ಚೆ. ಬೆರಳೆಣಿಕೆಯ ಸೈನಿಕರು ಟ್ಯಾಂಕುಗಳ ದಂಡನ್ನು ರಾತ್ರಿಯಿಡೀ ತಡೆದದ್ದು ನಿಜವೋ, ಸಿನಿಮಾದವರು ಕಟ್ಟಿದ್ದೋ?
– ಶಿರಸಿಯ ಓದುಗರೊಬ್ಬರು

ತಡೆದದ್ದು ನಿಜ. ಆದರೆ ತೆರೆಯ ಮೇಲೆ ಕಂಡ ಹಾಗಲ್ಲ.

1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೆವಾಲಾ ಠಾಣೆಯಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಜೊತೆಗಿದ್ದದ್ದು ಪಂಜಾಬ್ ರೆಜಿಮೆಂಟಿನ ಸುಮಾರು 120 ಜನ. ಎದುರಿಗೆ ಪಾಕಿಸ್ತಾನದ ಎರಡು ಸಾವಿರ ಸೈನಿಕರು, ನಲವತ್ತರ ಆಸುಪಾಸು ಟ್ಯಾಂಕುಗಳು. ಜೈಸಲ್ಮೇರಿನಲ್ಲಿದ್ದ ನಮ್ಮ ಹಂಟರ್ ವಿಮಾನಗಳು ಕತ್ತಲಲ್ಲಿ ದಾಳಿ ಮಾಡುವಂಥವಲ್ಲ. ಹಾಗಾಗಿ ಆ 120 ಜನರ ಪಾಲಿಗೆ ಬಂದದ್ದು ಗೆಲ್ಲುವ ಕೆಲಸವಲ್ಲ, ಬೆಳಗಾಗುವವರೆಗೆ ತಡೆಯುವ ಕೆಲಸ.

ಠಾಣೆ ಇದ್ದದ್ದು ದಿಬ್ಬದ ಮೇಲೆ. ಸುತ್ತ ಮೆದು ಮರಳು, ಟ್ಯಾಂಕುಗಳು ಅದರಲ್ಲೇ ಹೂತುಕೊಂಡವು. ಜಾನುವಾರು ನುಗ್ಗದಿರಲೆಂದು ಹಾಕಿದ್ದ ಸಾದಾ ಮುಳ್ಳುತಂತಿಯನ್ನು ಶತ್ರುಗಳು ನೆಲಬಾಂಬು ಹೂತ ಜಾಗದ ಬೇಲಿ ಎಂದುಕೊಂಡು ನಿಂತೇಬಿಟ್ಟರು. ಅವರ ಸ್ಯಾಪರ್‌ಗಳು, ಅಂದರೆ ನೆಲಬಾಂಬು ತೆಗೆದು ದಾರಿ ಮಾಡಿಕೊಡುವ ಸೈನಿಕರು ಬಂದು, ನೆಲ ತಡಕಿ, ಇಲ್ಲಿ ಏನೂ ಇಲ್ಲ ಎನ್ನುವಷ್ಟರಲ್ಲಿ ಅಮೂಲ್ಯ ಹೊತ್ತು ಕಳೆದಿತ್ತು. ಬೆಳಕು ಹರಿಯುತ್ತಲೇ ಹಂಟರ್‌ಗಳು ಬಂದವು. ಸಿನಿಮಾದಲ್ಲಿ ನಮ್ಮವರು ಒಬ್ಬೊಬ್ಬರಾಗಿ ಬೀಳುತ್ತಾರೆ. ನಿಜದಲ್ಲಿ ಆ ಠಾಣೆಯಲ್ಲಿ ಮಡಿದವರು ಇಬ್ಬರು. ನನಗಂತೂ ಸಿನಿಮಾಕ್ಕಿಂತ ಈ ನಿಜವೇ ದೊಡ್ಡದು: ಅಷ್ಟು ಜನ ಮನೆಗೆ ಮರಳಿದರಲ್ಲ!

ಸ್ಯಾಪರ್ ಎಂದೆನಲ್ಲ, ಆ ಮಾತು ಬಂದರೆ ಕಾರವಾರದವರಿಗೆ ನಮ್ಮ ಚೆಂಡಿಯಾದ ರಾಮ ರಾಘೋಬ ರಾಣೆ ನೆನಪಾಗದೆ ಇರುವುದಿಲ್ಲ. 1948ರ ಏಪ್ರಿಲ್ 8ರಂದು ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೊರಟ ಸೇನೆಗೆ ದಾರಿ ಬಿಡಿಸಿಕೊಡುವ ಹೊಣೆ ಅವರ ಸಣ್ಣ ತಂಡದ್ದು. ಮೊದಲ ದಿನವೇ ಮಾರ್ಟರ್ ಗುಂಡಿಗೆ ತಂಡದ ಇಬ್ಬರು ಸತ್ತರು, ಐವರಿಗೆ ಗಾಯ. ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಆದರೂ ಹಿಂದೆ ಸರಿಯಲಿಲ್ಲ. ಟ್ಯಾಂಕಿನ ಅಡಿಯಲ್ಲೇ ತೆವಳುತ್ತ, ನಿಲ್ಲು, ಹೊರಡು ಎಂದು ಚಾಲಕನಿಗೆ ಹಗ್ಗ ಎಳೆದು ಸನ್ನೆ ಮಾಡುತ್ತ ನೆಲಬಾಂಬು ತೆಗೆದರು. ಮುಂದೆ ರಸ್ತೆಗೆ ಅಡ್ಡ ಕೆಡವಿದ ಐದು ಪೈನ್ ಮರಗಳು, ಸುತ್ತಲೂ ಬಾಂಬು, ಮೇಲಿನಿಂದ ಮಷಿನ್‌ಗನ್ ಗುಂಡು. ಅದನ್ನೂ ಬಿಡಿಸಿದರು. ಏಪ್ರಿಲ್ 11ರವರೆಗೂ ಇದೇ ಕೆಲಸ. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದವರಲ್ಲಿ ಅವರೇ ಮೊದಲಿಗರು.

ಕಾರವಾರದ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ಅವರ ಪ್ರತಿಮೆ ಇದೆ. ಸಂಜೆ ಅಲ್ಲಿ ಮಕ್ಕಳ ಗದ್ದಲ, ಗಾಳಿಮರಗಳ ಸದ್ದು. ಎಲ್ಲರ ಮೊಬೈಲೂ ಹಡಗಿನ ಕಡೆಗೆ. ಶಿರಸಿಯಿಂದ ಘಟ್ಟ ಇಳಿದು ಬಂದಾಗ, ಆ ಹಗ್ಗದ ಕತೆಯನ್ನು ಮಕ್ಕಳಿಗೆ ಪ್ರತಿಮೆಯ ಎದುರು ನಿಲ್ಲಿಸಿಯೇ ಹೇಳಿ.