ಡಾಕ್ಟರ್ ಹೂ ಸೀರಿಯಲ್‌ನ ಆ ಒಂದು ಎಪಿಸೋಡ್ ಎಲ್ಲಿ ಹೋಯ್ತು?

ಬಿಬಿಸಿಯ ಸೈನ್ಸ್ ಫಿಕ್ಷನ್ ಟೀವಿ ಸೀರೀಸ್ ಡಾಕ್ಟರ್ ಹೂ ಅರವತ್ತು ವರ್ಷಕ್ಕಿಂತ ಜಾಸ್ತಿ ಬದುಕಿರೋದಕ್ಕೆ ಯಾವ ಎಪಿಸೋಡ್ ಕಾರಣ ಅಂತ ಯಾರಾದ್ರೂ ಕೇಳಿದ್ರೆ ನಾನು ಯೋಚನೆ ಮಾಡದೇ ಹೇಳೋದು ‘ದಿ ಟೆಂತ್ ಪ್ಲಾನೆಟ್’ ಕಥೆಯ ನಾಲ್ಕನೇ ಭಾಗ, 1966ರ ಅಕ್ಟೋಬರ್ 29ರ ಶನಿವಾರ ಪ್ರಸಾರ ಆಗಿದ್ದು. ಡಾಕ್ಟರ್ ಮೊದಲ ಸಲ ಮುಖ ಬದಲಾಯಿಸಿಕೊಂಡಿದ್ದು ಅದರಲ್ಲೇ. ಅವತ್ತು ಬ್ರಿಟನ್ನಿನಲ್ಲಿ ಸುಮಾರು 75 ಲಕ್ಷ ಜನ ಅದನ್ನ ನೋಡಿದ್ರು. ಇವತ್ತು ನೀವು ನೋಡ್ಬೇಕು ಅಂದ್ರೆ ಆಗಲ್ಲ, ಯಾಕಂದ್ರೆ ಬಿಬಿಸಿ ಹತ್ರನೇ ಅದು ಇಲ್ಲ. ಇಷ್ಟು ದೊಡ್ಡ ಸಂಸ್ಥೆ ತಾನೇ ಮಾಡಿದ ಇಷ್ಟು ಮುಖ್ಯವಾದ ಎಪಿಸೋಡನ್ನ ಹೇಗೆ ಕಳಕೊಳ್ತು ಅನ್ನೋದು ದೊಡ್ಡ ಕಥೆ, ಮತ್ತೆ ಅದರಲ್ಲಿ ಒಬ್ಬ ಖಳನಾಯಕ ಅಂತ ಯಾರೂ ಸಿಗಲ್ಲ, ನನಗೆ ಜಾಸ್ತಿ ಬೇಜಾರಾಗೋದೇ ಅದಕ್ಕೆ.

ಸೀರೀಸ್ ಗೊತ್ತಿಲ್ಲದೇ ಇರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಡಾಕ್ಟರ್ ಅನ್ನೋ ಒಬ್ಬ ಬೇರೆ ಲೋಕದವನು, ಹೊರಗಿಂದ ನೀಲಿ ಪೊಲೀಸ್ ಬಾಕ್ಸ್ (ಆಗಿನ ಬ್ರಿಟನ್ನಿನ ರಸ್ತೆಬದಿಯ ಪೊಲೀಸ್ ಫೋನ್ ಬೂತ್) ಥರ ಕಾಣೋ ಟಾರ್ಡಿಸ್ ಅನ್ನೋ ಯಂತ್ರದಲ್ಲಿ ಯಾವ ಕಾಲಕ್ಕೆ ಬೇಕಾದ್ರೂ ಯಾವ ಗ್ರಹಕ್ಕೆ ಬೇಕಾದ್ರೂ ಹೋಗ್ತಾನೆ, ಜೊತೆಗೆ ಒಬ್ಬಿಬ್ರು ಮನುಷ್ಯರು ಇರ್ತಾರೆ. 1963ರ ನವೆಂಬರ್ 23ಕ್ಕೆ ಶುರುವಾಯ್ತು. ಮೊದಲ ಕಥೆ ನಿರ್ದೇಶನ ಮಾಡಿದ್ದು ವಾರಿಸ್ ಹುಸೇನ್, ಲಖನೌನಲ್ಲಿ ಹುಟ್ಟಿದವರು, ಆಗ ಅವರಿಗೆ ಇಪ್ಪತ್ತರ ಹರೆಯ ಅಷ್ಟೇ. ಮೊದಲ ಡಾಕ್ಟರ್ ಪಾತ್ರ ಮಾಡಿದ್ದು ವಿಲಿಯಂ ಹಾರ್ಟ್ನೆಲ್. ಸಿಡುಕು ಮುದುಕನ ಪಾತ್ರ, ಆದ್ರೆ ಮಕ್ಕಳು ಪ್ರಾಣ ಬಿಡ್ತಿದ್ರು ಅವರಂದ್ರೆ.

1966ರ ಹೊತ್ತಿಗೆ ಹಾರ್ಟ್ನೆಲ್‌ಗೆ 58 ವರ್ಷ, ರಕ್ತನಾಳ ಗಟ್ಟಿಯಾಗೋ ಕಾಯಿಲೆ, ಡೈಲಾಗ್ ನೆನಪಿಟ್ಟುಕೊಳ್ಳೋದು ಕಷ್ಟ ಆಗ್ತಾ ಹೋಯ್ತು. ಆಗ ಟೀವಿ ನಾಟಕ ಅಂದ್ರೆ ಇವತ್ತಿನ ಥರ ಶಾಟ್ ಶಾಟ್ ಆಗಿ ತೆಗೆಯೋದಲ್ಲ, ವಾರ ಪೂರ್ತಿ ರಿಹರ್ಸಲ್ ಮಾಡಿ ಒಂದೇ ಸಂಜೆ ಹೆಚ್ಚುಕಮ್ಮಿ ನಿಲ್ಲಿಸದೇ ರೆಕಾರ್ಡ್ ಮಾಡೋದು, ಟೇಪ್ ಕಟ್ ಮಾಡಿ ಜೋಡಿಸೋದು ದುಬಾರಿ, ಹಾಗಾಗಿ ಒಬ್ರು ಮಾತು ತಪ್ಪಿದ್ರೆ ಅದು ಹಾಗೇ ಪ್ರಸಾರ ಆಗ್ಬಿಡ್ತಿತ್ತು. ಆಗಿನ ಪ್ರೊಡ್ಯೂಸರ್ ಇನೆಸ್ ಲಾಯ್ಡ್ ಮುಂದೆ ಇದ್ದಿದ್ದು ಎರಡೇ ದಾರಿ: ಸೀರೀಸ್ ಮುಗಿಸ್ಬೇಕು ಇಲ್ಲಾ ಬೇರೆ ನಟನ್ನ ತರಬೇಕು. ಹೊಸಬರನ್ನ ತಂದು ‘ಇವನೇ ಅವನು’ ಅಂತ ಜನರನ್ನ ಸುಮ್ಮನೆ ನಂಬಿಸೋ ಬದ್ಲು, ಡಾಕ್ಟರ್ ಮನುಷ್ಯನೇ ಅಲ್ಲವಲ್ಲ, ಹಾಗಾದ್ರೆ ದೇಹ ಸವೆದುಹೋದಾಗ ಅವನೇ ಹೊಸ ದೇಹ ಪಡೀಲಿ, ಸ್ವಭಾವನೂ ಬದಲಾಗ್ಲಿ ಅಂತ ತೀರ್ಮಾನ ಮಾಡಿದ್ರು. ಆಮೇಲಿನ ಅಷ್ಟೂ ಡಾಕ್ಟರ್‌ಗಳು ಈ ಒಂದು ಯೋಚನೆಯ ಮೇಲೇ ನಿಂತಿರೋದು.

ಆ ಕೆಲಸಕ್ಕೆ ಆರಿಸಿಕೊಂಡ ಕಥೆನೂ ಸಾಮಾನ್ಯದ್ದಲ್ಲ. ಬರೆದಿದ್ದು ಕಿಟ್ ಪೆಡ್ಲರ್, ವೃತ್ತಿಯಿಂದ ವೈದ್ಯ, ಕಣ್ಣಿನ ಬಗ್ಗೆ ಸಂಶೋಧನೆ ಮಾಡ್ತಿದ್ದವರು. ಕೊನೆ ಎರಡು ಭಾಗಕ್ಕೆ ಸ್ಟೋರಿ ಎಡಿಟರ್ ಗೆರಿ ಡೇವಿಸ್ ಕೈ ಸೇರಿತ್ತು. ದೇಹದ ಅಂಗಗಳನ್ನ ಒಂದೊಂದಾಗಿ ಯಂತ್ರದ ಬಿಡಿಭಾಗ ಹಾಕಿ ಬದಲಾಯಿಸ್ತಾ ಹೋದ್ರೆ ಯಾವ ಹಂತದಲ್ಲಿ ಮನುಷ್ಯ ಮನುಷ್ಯನಾಗಿ ಉಳಿಯಲ್ಲ ಅನ್ನೋ ಭಯ ಪೆಡ್ಲರ್‌ಗೆ ನಿಜವಾಗ್ಲೂ ಇತ್ತು. ಪ್ರಪಂಚದ ಮೊದಲ ಹೃದಯ ಕಸಿ ಆಗಿದ್ದು 1967ರ ಡಿಸೆಂಬರ್‌ನಲ್ಲಿ, ಅಂದ್ರೆ ಈ ಕಥೆ ಬಂದು ಒಂದು ವರ್ಷದ ಮೇಲೆ! ಆ ಭಯದಿಂದ ಹುಟ್ಟಿದ್ದೇ ಸೈಬರ್‌ಮೆನ್. ಭೂಮಿಯ ಅವಳಿ ಗ್ರಹ ಮೊಂಡಾಸ್‌ನವರು, ಒಂದು ಕಾಲದಲ್ಲಿ ನಮ್ಮ ಹಾಗೇ ಇದ್ದವರು, ಬದುಕಿ ಉಳಿಯೋಕೆ ಅಂತ ದೇಹ ಬದಲಾಯಿಸಿಕೊಂಡು ಕೊನೆಗೆ ನೋವು ಪ್ರೀತಿ ಎರಡನ್ನೂ ತೆಗೆದು ಹಾಕಿದವರು. ಮುಂದೆ ಬಂದ ಹೊಳೆಯೋ ಲೋಹದ ಸೈಬರ್‌ಮೆನ್‌ಗಿಂತ ಈ ಮೊದಲ ಸೈಬರ್‌ಮೆನ್ ನನಗೆ ಜಾಸ್ತಿ ಭಯ ಹುಟ್ಟಿಸ್ತಾರೆ, ಮುಖಕ್ಕೆ ಬಟ್ಟೆ ಸುತ್ತಿರುತ್ತೆ, ಕೈ ಮಾತ್ರ ಮನುಷ್ಯರ ಕೈ ಹಾಗೇ ಇರುತ್ತೆ, ಮಾತಾಡೋಕೆ ಬಾಯಿ ತೆರೆದ್ರೆ ತುಟಿ ಅಲ್ಲಾಡಲ್ಲ, ಒಳಗಿಂದ ರಾಗ ಎಳೆದ ಹಾಗೆ ಧ್ವನಿ ಬರುತ್ತೆ.

ಕಥೆ ನಡೆಯೋದು 1986ರಲ್ಲಿ ದಕ್ಷಿಣ ಧ್ರುವದ ಒಂದು ಮಿಲಿಟರಿ ನೆಲೆಯಲ್ಲಿ. ಮೂರನೇ ಭಾಗದ ರೆಕಾರ್ಡಿಂಗ್ ವಾರದಲ್ಲೇ ಹಾರ್ಟ್ನೆಲ್ ಹುಷಾರು ತಪ್ಪಿ ಬರ್ಲೇ ಇಲ್ಲ, ಡಾಕ್ಟರ್ ಪ್ರಜ್ಞೆ ತಪ್ಪಿ ಬಿದ್ದ ಅಂತ ಸ್ಕ್ರಿಪ್ಟ್ ತಿದ್ದಿ ಅವರ ಮಾತುಗಳನ್ನ ಬೇರೆಯವರಿಗೆ ಹಂಚಿದ್ರು. ಇದರಿಂದ ಒಂದು ಒಳ್ಳೇದೇ ಆಯ್ತು, ಡಾಕ್ಟರ್ ನಿಜವಾಗ್ಲೂ ಸೋಲ್ತಾ ಇದಾನೆ ಅಂತ ನೋಡೋರಿಗೆ ಮೊದಲೇ ಅನ್ಸೋಕೆ ಶುರುವಾಯ್ತು.

ನಾಲ್ಕನೇ ಭಾಗ ರೆಕಾರ್ಡ್ ಆಗಿದ್ದು ಅಕ್ಟೋಬರ್ 8ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್‌ನ ರಿವರ್‌ಸೈಡ್ ಸ್ಟುಡಿಯೋದಲ್ಲಿ, ಅದೇ ದಿನ ಸಂಜೆ ಈ ಕಥೆಯ ಮೊದಲ ಭಾಗ ಟೀವಿಲಿ ಬರ್ತಿತ್ತು. ನಿರ್ದೇಶಕ ಡೆರೆಕ್ ಮಾರ್ಟಿನಸ್. ಕೊನೆಯಲ್ಲಿ ಮೊಂಡಾಸ್ ಭೂಮಿಯ ಶಕ್ತಿನ ತಡ್ಕೊಳ್ಳೋಕಾಗದಷ್ಟು ಹೀರಿ ತಾನೇ ಕರಗಿ ಹೋಗುತ್ತೆ, ಅದನ್ನೇ ನಂಬಿದ್ದ ಸೈಬರ್‌ಮೆನ್ ಕುಸಿದು ಬೀಳ್ತಾರೆ. ಜೊತೆಲಿದ್ದ ಬೆನ್, ಎಲ್ಲಾ ಮುಗೀತಲ್ಲ ಅಂದಾಗ ಡಾಕ್ಟರ್ ಹೇಳೋದು, ಇಲ್ಲ, ಇನ್ನೂ ಏನೂ ಮುಗಿದಿಲ್ಲ ಅಂತ. ಆಮೇಲೆ ಡಾಕ್ಟರ್ ಹಿಮದಲ್ಲಿ ಟಾರ್ಡಿಸ್ ಕಡೆ ಹೋಗ್ತಾರೆ, ಬೆನ್ ಮತ್ತೆ ಪಾಲಿ ಹಿಂದೆ ಓಡಿ ಬರೋಷ್ಟರಲ್ಲಿ ಒಳಗೆ ನೆಲಕ್ಕೆ ಬಿದ್ದಿರ್ತಾರೆ, ಮುಖ ಬೆಳಕಲ್ಲಿ ಕರಗಿ ಎರಡನೇ ಡಾಕ್ಟರ್ ಆದ ನಟ ಪ್ಯಾಟ್ರಿಕ್ ಟ್ರೌಟನ್ ಮುಖ ಆಗುತ್ತೆ. ಆ ಬೆಳಕು ಹೇಗೆ ಬಂತು ಗೊತ್ತಾ, ವಿಷನ್ ಮಿಕ್ಸರ್, ಅಂದ್ರೆ ಒಂದು ಕ್ಯಾಮೆರಾ ಚಿತ್ರದಿಂದ ಇನ್ನೊಂದಕ್ಕೆ ಬದಲಾಯಿಸೋ ಕೆಲಸದಲ್ಲಿದ್ದ ಶರ್ಲಿ ಕವರ್ಡ್ ಅನ್ನೋರು ಮಿಕ್ಸಿಂಗ್ ಡೆಸ್ಕ್‌ನಲ್ಲಿದ್ದ ಒಂದು ದೋಷದಿಂದ ಚಿತ್ರ ಉರಿದು ಬೆಳ್ಳಗಾಗೋದನ್ನ ಗಮನಿಸಿದ್ರು, ಅದನ್ನೇ ಬೇಕು ಅಂತ ಬಳಸಿ ಒಂದು ಮುಖದಿಂದ ಇನ್ನೊಂದಕ್ಕೆ ದಾಟಿಸಿದ್ರು. ಅಷ್ಟು ಚೆನ್ನಾಗಿ ಬಂದಿದೆ ಅದು, ಈಗ ನೋಡಿದ್ರೂ ಮೈ ಜುಮ್ ಅನ್ನುತ್ತೆ.

ಇನ್ನು ಕಳೆದುಹೋದ ವಿಷಯ. ಆಗಿನ ಎರಡು ಇಂಚಿನ ವಿಡಿಯೋ ಟೇಪ್ ಬಹಳ ದುಬಾರಿ, ಆದ್ರೆ ಅಳಿಸಿ ಮತ್ತೆ ಬಳಸಬಹುದಿತ್ತು, ಬಿಬಿಸಿ ಎಂಜಿನಿಯರಿಂಗ್ ವಿಭಾಗಕ್ಕೆ ಅದು ಕಾರ್ಯಕ್ರಮ ಅಲ್ಲ, ಸಾಮಗ್ರಿ. ಇನ್ನೊಂದು ಕಡೆ ನಟರ ಯೂನಿಯನ್ ಮತ್ತೆ ಸಂಗೀತಗಾರರ ಯೂನಿಯನ್ ಮರುಪ್ರಸಾರಕ್ಕೆ ಗಟ್ಟಿ ಮಿತಿ ಹಾಕಿದ್ವು, ಹಳೇದನ್ನೇ ತೋರಿಸ್ತಾ ಇದ್ರೆ ಹೊಸ ಕೆಲಸ ಎಲ್ಲಿಂದ ಬರುತ್ತೆ ಅನ್ನೋದು ಅವರ ಭಯ, ಅದು ತಪ್ಪು ಅಂತಾನೂ ನಾನು ಹೇಳಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಮನೇಲಿ ವಿಡಿಯೋ ಕೊಂಡು ನೋಡೋ ಕಾಲ ಬರುತ್ತೆ ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ, ಡಾಕ್ಟರ್ ಹೂ ಮೊದಲ ವಿಎಚ್‌ಎಸ್ ಬಂದಿದ್ದೇ 1983ರಲ್ಲಿ. ಮತ್ತೆ ತೋರಿಸೋಕಾಗದ ಟೇಪ್ ಯಾಕೆ ಇಟ್ಕೊಬೇಕು ಅಂತ 1967ರಿಂದಲೇ ಅಳಿಸೋಕೆ ಶುರು ಮಾಡಿದ್ರು. ಬಿಬಿಸಿ1ಕ್ಕೆ 1969ರಲ್ಲಿ ಬಣ್ಣ ಬಂದಮೇಲಂತೂ ಕಪ್ಪು ಬಿಳುಪು ಯಾರಿಗೂ ಬೇಡ. 1963ರಿಂದ 69ರ ತನಕದ 253 ಎಪಿಸೋಡ್‌ಗಳ ಮೂಲ ಟೇಪ್ ಎಲ್ಲಾ ಅಳಿಸಿ ಹೋದ್ವು, ಒಂದೂ ಉಳಿದಿಲ್ಲ.

ಹಾಗಾದ್ರೆ ಇವತ್ತು ಹಳೇ ಎಪಿಸೋಡ್ ಇಷ್ಟಾದ್ರೂ ಹೇಗಿವೆ ಅಂದ್ರೆ, ಹೊರದೇಶಕ್ಕೆ ಮಾರೋಕೆ ಅಂತ ಬಿಬಿಸಿ ಎಂಟರ್‌ಪ್ರೈಸಸ್ ಮಾಡಿಸಿದ್ದ 16 ಎಂಎಂ ಫಿಲ್ಮ್ ಕಾಪಿಗಳಿಂದ. ಸ್ಪೆಷಲ್ ಮಾನಿಟರ್ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಟೇಪಲ್ಲಿರೋದನ್ನ ಶೂಟ್ ಮಾಡೋದು, ಪ್ರಿಂಟ್ ಹಾಕಿ ಬೇರೆ ಬೇರೆ ದೇಶದ ಸ್ಟೇಷನ್‌ಗಳಿಗೆ ಕಳ್ಸೋದು, ಅವರು ತೋರಿಸಿದ ಮೇಲೆ ವಾಪಸ್ ಕಳಿಸ್ಬೇಕು ಇಲ್ಲಾ ನಾಶ ಮಾಡ್ಬೇಕು ಇಲ್ಲಾ ಮುಂದಿನ ದೇಶಕ್ಕೆ ದಾಟಿಸ್ಬೇಕು. ಮಾರೋ ಹಕ್ಕಿನ ಅವಧಿ ಮುಗಿದ ಮೇಲೆ 70ರ ದಶಕದಲ್ಲಿ ಎಂಟರ್‌ಪ್ರೈಸಸ್‌ನವರು ಆ ಫಿಲ್ಮ್‌ಗಳನ್ನೂ ಎಸೆಯೋಕೆ ಶುರು ಮಾಡಿದ್ರು, ಮೂಲ ಟೇಪ್ ಎಂಜಿನಿಯರಿಂಗ್‌ನವರ ಹತ್ರ ಇದ್ದೇ ಇರುತ್ತೆ ಅಂದ್ಕೊಂಡು. ಎಂಜಿನಿಯರಿಂಗ್‌ನವರು ಟೇಪ್ ಅಳಿಸಿದ್ದು ಎಂಟರ್‌ಪ್ರೈಸಸ್ ಹತ್ರ ಫಿಲ್ಮ್ ಇದೆಯಲ್ಲ ಅಂದ್ಕೊಂಡು. ಫಿಲ್ಮ್ ಲೈಬ್ರರಿ ಅಂತ ಮೂರನೇದು ಒಂದಿತ್ತು, ಆದ್ರೆ ಟೇಪಲ್ಲಿ ಮಾಡಿದ ಕಾರ್ಯಕ್ರಮ ಇಟ್ಕೊಳ್ಳೋದು ಅವರ ಜವಾಬ್ದಾರಿನೇ ಆಗಿರ್ಲಿಲ್ಲ. ಪ್ರತಿಯೊಬ್ರೂ ಅವರವರ ನಿಯಮದ ಪ್ರಕಾರನೇ ನಡ್ಕೊಂಡಿದ್ದು, ಆದ್ರೆ ಎಲ್ಲರ ಕಡೆಯ ಕಾಪಿಯೂ ಹೋಯ್ತು.

‘ದಿ ಟೆಂತ್ ಪ್ಲಾನೆಟ್’ ಮೊದಲ ಮೂರು ಭಾಗ ಫಿಲ್ಮ್ ಆಗಿ ಉಳಿದ್ವು, ನಾಲ್ಕನೇದು ಮಾತ್ರ ಇಲ್ಲ. 1973ರ ನವೆಂಬರ್‌ನಲ್ಲಿ ಸೀರೀಸ್‌ನ ಹತ್ತು ವರ್ಷ ಆಚರಿಸೋಕೆ ಬಿಬಿಸಿಯ ಮಕ್ಕಳ ಕಾರ್ಯಕ್ರಮ ಬ್ಲೂ ಪೀಟರ್ ಆ ಮುಖ ಬದಲಾಗೋ ತುಣುಕನ್ನ ತೋರಿಸಿತ್ತು. ಹಾಗಾಗಿ ಪೂರ್ತಿ ಎಪಿಸೋಡ್ ಅವರ ಹತ್ರ ಹೋಗಿ ಅಲ್ಲೇ ಕಳೀತು ಅನ್ನೋ ಮಾತು ಅಭಿಮಾನಿಗಳ ನಡುವೆ ಬಹಳ ವರ್ಷ ಓಡಾಡ್ತು. ಆದ್ರೆ ಆಗ ಬ್ಲೂ ಪೀಟರ್‌ಗೆ ಎರವಲು ಹೋಗಿ ವಾಪಸ್ ಬರದೇ ಇದ್ದಿದ್ದು ಅಂತ ಗೊತ್ತಿರೋದು ಡಾಲೆಕ್ ಅನ್ನೋ ಶತ್ರುಗಳು ಬರೋ ‘ದಿ ಡಾಲೆಕ್ಸ್ ಮಾಸ್ಟರ್ ಪ್ಲಾನ್’ ಕಥೆಯ ನಾಲ್ಕನೇ ಭಾಗ. ಎರಡೂ ನಾಲ್ಕನೇ ಭಾಗಗಳೇ, ಗೊಂದಲ ಆಗೋದು ಸಹಜ. ಬ್ಲೂ ಪೀಟರನ್ನ ಬೈಯೋರಿಗೆ ನಾನು ಹೇಳೋದು ಇಷ್ಟೇ, ಅವರು ಅವತ್ತು ತೋರಿಸದೇ ಇದ್ದಿದ್ರೆ ಆ ಕೆಲವು ಸೆಕೆಂಡ್ ಕೂಡ ಇವತ್ತು ನಮಗೆ ಇರ್ತಿರ್ಲಿಲ್ಲ, ಯಾಕಂದ್ರೆ ಆ ತುಣುಕು ಉಳಿದಿರೋದೇ ಅವರ ಕಾರ್ಯಕ್ರಮದ ಒಳಗೆ.

ಈ ನಾಶ ನಿಂತಿದ್ದು 1978ರಲ್ಲಿ. ಆ ವರ್ಷ ಸ್ಯೂ ಮಾಲ್ಡನ್ ಬಿಬಿಸಿಯ ಮೊದಲ ಆರ್ಕೈವ್ ಸೆಲೆಕ್ಟರ್ (ಯಾವ ಕಾರ್ಯಕ್ರಮ ಉಳಿಸ್ಬೇಕು ಅಂತ ಆರಿಸೋರು) ಆಗಿ ಬಂದು ಏನಿದೆ ಏನಿಲ್ಲ ಅಂತ ಹುಡುಕೋಕೆ ಶುರು ಮಾಡಿದ್ರು, ಅದೇ ಹೊತ್ತಲ್ಲಿ ಇಯಾನ್ ಲೆವಿನ್ ಅನ್ನೋ ಅಭಿಮಾನಿ ಎಂಟರ್‌ಪ್ರೈಸಸ್‌ಗೆ ಹೋಗಿ ನೋಡಿದ್ರೆ ಮೊದಲ ಡಾಲೆಕ್ ಕಥೆಯ ಫಿಲ್ಮ್‌ಗಳು ಎಸೆಯೋಕೆ ರೆಡಿಯಾಗಿ ಬಿದ್ದಿದ್ವು, ತಡೆದು ನಿಲ್ಲಿಸಿದ್ರು.

ಆಮೇಲೆ ನಡೆದಿದ್ದು ಹುಡುಕಾಟ, ಈ ಭಾಗ ಓದೋಕೆ ನನಗೆ ಯಾವಾಗ್ಲೂ ಖುಷಿ. 1983ರಲ್ಲಿ ಲಂಡನ್ನಿನ ಒಂದು ಮಾರ್ಮನ್ ಚರ್ಚ್ ಕಟ್ಟಡದ ನೆಲಮಾಳಿಗೆಯಲ್ಲಿ ಎರಡು ಎಪಿಸೋಡ್ ಸಿಕ್ತು. ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ನಾಲ್ಕೂ ಭಾಗ ಹಾಂಗ್‌ಕಾಂಗ್‌ನಿಂದ ವಾಪಸ್ ಬಂದು 1992ರಲ್ಲಿ ವಿಡಿಯೋ ಆಯ್ತು. 1999ರಲ್ಲಿ ನ್ಯೂಜಿಲೆಂಡಿನಿಂದ ಒಂದು. ಆಸ್ಟ್ರೇಲಿಯಾದಲ್ಲಿ ಸೆನ್ಸಾರ್‌ನವರು ಮಕ್ಕಳಿಗೆ ಭಯ ಆಗುತ್ತೆ ಅಂತ ಕತ್ತರಿಸಿದ ತುಣುಕುಗಳನ್ನ ಅಲ್ಲಿನ ಸರ್ಕಾರಿ ದಾಖಲೆಗಳ ಜೊತೆ ಜೋಪಾನವಾಗಿ ಇಟ್ಟಿದ್ರು, 1996ರಲ್ಲಿ ಅವು ಸಿಕ್ಕಿದ್ವು, ಎಷ್ಟೋ ಕಥೆಗಳಲ್ಲಿ ಆ ಕತ್ತರಿಸಿದ ಭಾಗ ಮಾತ್ರ ಇದೆ, ಉಳಿದಿದ್ದು ಇಲ್ಲ. 2013ರಲ್ಲಿ ಕಳೆದುಹೋದ ಎಪಿಸೋಡ್ ಹುಡುಕೋ ಫಿಲಿಪ್ ಮಾರಿಸ್ ನೈಜೀರಿಯಾದ ಜೋಸ್ ಊರಿನ ಟೀವಿ ಸ್ಟೇಷನ್ನಿನಿಂದ ಒಂದೇ ಸಲಕ್ಕೆ ಒಂಬತ್ತು ಎಪಿಸೋಡ್ ತಂದಾಗ ಕಾಣೆಯಾದವುಗಳ ಲೆಕ್ಕ 97ಕ್ಕೆ ಇಳೀತು. ಪ್ರತಿ ಸಲ ಸುದ್ದಿ ಬಂದಾಗ ಎಲ್ಲರೂ ಮೊದಲು ಕೇಳೋದು ಟೆಂತ್ ಪ್ಲಾನೆಟ್ ನಾಲ್ಕು ಸಿಕ್ತಾ ಅಂತಾನೇ.

ಚಿತ್ರ ಇಲ್ಲ, ಆದ್ರೆ ಧ್ವನಿ ಪೂರ್ತಿ ಇದೆ! ಆಗಿನ ಹುಡುಗರು ಟೀವಿ ಸ್ಪೀಕರ್ ಮುಂದೆ ಮೈಕ್ ಹಿಡಿದೋ ಇಲ್ಲಾ ವೈರ್ ಎಳೆದೋ ರೀಲ್ ಟೇಪ್‌ಗೆ ರೆಕಾರ್ಡ್ ಮಾಡಿಟ್ಟುಕೊಂಡಿದ್ರು, ಆ ಲೆಕ್ಕದ 97 ಎಪಿಸೋಡ್‌ಗೂ ಹೀಗೆ ಧ್ವನಿ ಉಳ್ಕೊಂಡಿದೆ. ಜಾನ್ ಕ್ಯೂರಾ ಅನ್ನೋ ಫೋಟೋಗ್ರಾಫರ್ ಟೀವಿ ಪರದೆಯಿಂದಲೇ ಫೋಟೋ ತೆಗೆದು ನಿರ್ದೇಶಕರಿಗೆ ನಟರಿಗೆ ಮಾರ್ತಿದ್ರು, ಅವರ ಕೆಲಸಕ್ಕೆ ಬೇರೆ ಸಾಕ್ಷಿನೇ ಇರ್ತಿರ್ಲಿಲ್ಲವಲ್ಲ, ಹಂಗಾಗಿ ಕೊಳ್ತಿದ್ರು. ಅವುಗಳನ್ನ ಟೆಲಿಸ್ನ್ಯಾಪ್ ಅಂತಾರೆ, 1990ರ ದಶಕದಲ್ಲಿ ಬಿಬಿಸಿಯ ಕ್ಯಾವರ್‌ಶಮ್ ದಾಖಲೆ ಸಂಗ್ರಹದಲ್ಲಿ ದೊಡ್ಡ ರಾಶಿನೇ ಸಿಕ್ತು, ಅದರಲ್ಲಿ ಈ ಎಪಿಸೋಡಿಂದೂ ಇದೆ. ಇನ್ನೂ ಒಂದು, ಆಸ್ಟ್ರೇಲಿಯಾದ ಒಬ್ಬ ಅಭಿಮಾನಿ 8 ಎಂಎಂ ಕ್ಯಾಮೆರಾ ಟೀವಿ ಕಡೆ ಹಿಡಿದು ತೆಗೆದ ಮಸುಕು ಮಸುಕಾದ ಚಿಕ್ಕ ಚಿಕ್ಕ ತುಣುಕುಗಳು. ಉಳಿಸೋದು ಯಾರ ಕೆಲಸ ಆಗಿತ್ತೋ ಅವರು ಉಳಿಸ್ಲಿಲ್ಲ, ಯಾರ ಕೆಲಸ ಅಲ್ಲವೋ ಅವರಿಂದ ಇಷ್ಟು ಉಳಿದಿದೆ, ಅವರಿಗೆ ನಾನು ನಿಜವಾಗ್ಲೂ ಋಣಿ.

ಇವನ್ನೆಲ್ಲಾ ಜೋಡಿಸಿ ಬಿಬಿಸಿ 2000ದಲ್ಲಿ ವಿಎಚ್‌ಎಸ್‌ಗೆ ಒಂದು ಮರುನಿರ್ಮಾಣ ಮಾಡಿತು, 2013ರ ಡಿವಿಡಿಗೆ ಅದೇ ಹಳೇ ಧ್ವನಿ ಇಟ್ಕೊಂಡು ಆಸ್ಟ್ರೇಲಿಯಾದ ಪ್ಲಾನೆಟ್ 55 ಸ್ಟುಡಿಯೋಸ್ ಅನಿಮೇಷನ್ ಮಾಡಿತು. 2017ರ ಕ್ರಿಸ್‌ಮಸ್ ಸ್ಪೆಷಲ್‌ನಲ್ಲಿ ಡೇವಿಡ್ ಬ್ರಾಡ್ಲಿ ಮೊದಲ ಡಾಕ್ಟರ್ ಆಗಿ ಬಂದಾಗ ಈ ಎಪಿಸೋಡಿನ ಕೆಲವು ದೃಶ್ಯಗಳನ್ನ ಬಣ್ಣದಲ್ಲಿ ಮತ್ತೆ ತೆಗೆದ್ರು. ಹಾರ್ಟ್ನೆಲ್ ತೀರಿಕೊಂಡಿದ್ದು 1975ರಲ್ಲಿ, ಅಷ್ಟು ಹೊತ್ತಿಗೆ ಅವರ ಕಾಲದ ಮೂಲ ಟೇಪ್ ಯಾವುದೂ ಉಳಿದಿರ್ಲಿಲ್ಲ. ಇದಕ್ಕೆ ಸರಿಯಾಗಿ ಟ್ರೌಟನ್ ಅವರ ಮೊದಲ ಕಥೆ ‘ದಿ ಪವರ್ ಆಫ್ ದಿ ಡಾಲೆಕ್ಸ್’ ಆರೂ ಭಾಗ ಕಾಣೆ, ಅದಕ್ಕೂ 2016ರಲ್ಲಿ ಅನಿಮೇಷನ್ ಬಂತು. ಹಾಗಾಗಿ ಡಾಕ್ಟರ್ ಹೋಗೋದನ್ನೂ ಪೂರ್ತಿ ನೋಡೋಕಾಗಲ್ಲ, ಬರೋದನ್ನೂ ಪೂರ್ತಿ ನೋಡೋಕಾಗಲ್ಲ.

ನೋಡ್ಬೇಕು ಅನ್ನೋರಿಗೆ ನನ್ನ ಸಲಹೆ, ಮೊದಲ ಮೂರು ಭಾಗ ನೋಡಿದ ತಕ್ಷಣ ಅನಿಮೇಷನ್‌ಗೆ ಹೋಗ್ಬೇಡಿ. ಅನಿಮೇಷನ್ ಕೆಟ್ಟದಾಗಿಲ್ಲ, ಮಕ್ಕಳ ಜೊತೆ ನೋಡೋಕೆ ಅದೇ ಸರಿ, ಆದ್ರೆ ಅದರಲ್ಲಿ ಹಾರ್ಟ್ನೆಲ್ ಕಣ್ಣು ಇಲ್ಲ. ಟೆಲಿಸ್ನ್ಯಾಪ್ ಹಾಕಿ ಜೋಡಿಸಿದ ಮರುನಿರ್ಮಾಣ ಮೊದಲು ನೋಡಿ, ಹೆಡ್‌ಫೋನ್ ಹಾಕ್ಕೊಂಡು. ಫೋಟೋಗಳು ನಿಂತಲ್ಲೇ ನಿಂತಿರ್ತವೆ, ಅವರ ದಣಿದ ಧ್ವನಿ ಮಾತ್ರ ಕೇಳ್ತಾ ಹೋಗುತ್ತೆ, ಕೊನೆಗೆ ಬ್ಲೂ ಪೀಟರ್ ಉಳಿಸಿದ ಆ ತುಣುಕು ಬಂದಾಗ ಚಿತ್ರ ಚಲಿಸುತ್ತೆ.