ಪಂಚಾಯ್ತಿ, ನಗರಸಭೆ ತೆರಿಗೆ ಮತ್ತು ಅನುದಾನ: ಯಾರ ದುಡ್ಡು, ಯಾರ ತೀರ್ಮಾನ?

ಸ್ಥಳೀಯ ಸರ್ಕಾರದ ಹಣಕಾಸು ಅಂದ್ರೆ ಸಾಕು, ಎಲ್ರೂ ವಿಧಿಗಳ ನಂಬರ್ ಬಾಯಿಪಾಠ ಮಾಡೋಕೆ ಕೂತ್ಕೋತಾರೆ, ಆದ್ರೆ ಮುಖ್ಯ ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ್ರೆ ಆ ನಂಬರ್ ಯಾವುದೂ ಕೈ ಹಿಡಿಯಲ್ಲ. ಅದಕ್ಕೆ ಓದೋವಾಗ ಒಂದು ಪ್ರಶ್ನೆ ಸದಾ ತಲೇಲಿ ಇಟ್ಕೊಳ್ಳಿ: ಈ ಕೆಲಸಕ್ಕೆ ದುಡ್ಡು ಎಲ್ಲಿಂದ ಬಂತು, ಅದನ್ನ ಏನಕ್ಕೆ ಹಾಕ್ಬೇಕು ಅಂತ ತೀರ್ಮಾನ ಮಾಡೋ ಹಕ್ಕು ಯಾರಿಗಿದೆ?

ಮೊದ್ಲು ಸಂವಿಧಾನದ ಭಾಗ ಬೇಗ ಮುಗಿಸೋಣ. ಪಂಚಾಯ್ತಿಗಳ ಬಗ್ಗೆ ಇರೋ 73ನೇ ತಿದ್ದುಪಡಿ 1993ರ ಏಪ್ರಿಲ್ 24ಕ್ಕೆ ಜಾರಿಗೆ ಬಂತು, ನಗರ ಸಂಸ್ಥೆಗಳ ಬಗ್ಗೆ ಇರೋ 74ನೇದು ಅದೇ ವರ್ಷ ಜೂನ್ 1ಕ್ಕೆ. 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ 29 ವಿಷಯ, 12ನೇದ್ರಲ್ಲಿ ನಗರ ಸಂಸ್ಥೆಗಳಿಗೆ 18. ಆದ್ರೆ ತೆರಿಗೆ ಬಗ್ಗೆ ಹೇಳೋ 243ಎಚ್ ಮತ್ತು 243ಎಕ್ಸ್ ವಿಧಿ ಗಮನ ಇಟ್ಟು ಓದಿ. ಅಲ್ಲಿ ಪಂಚಾಯ್ತಿಗಾಗ್ಲಿ ನಗರ ಸಂಸ್ಥೆಗಾಗ್ಲಿ ನೇರವಾಗಿ ಅಧಿಕಾರ ಕೊಟ್ಟಿಲ್ಲ, ರಾಜ್ಯ ಶಾಸಕಾಂಗ ಬೇಕಾದ್ರೆ ಕಾನೂನು ಮಾಡಿ ಕೊಡಬಹುದು ಅಂತ ಇದೆ ಅಷ್ಟೆ. ಕಾನೂನಿನ ಆಧಾರ ಇಲ್ದೆ ಯಾವ ತೆರಿಗೆನೂ ಹಾಕೋ ಹಾಗಿಲ್ಲ ಅಂತ 265ನೇ ವಿಧಿ ಹೇಳುತ್ತೆ, ಹಾಗಾಗಿ ಗ್ರಾಮ ಪಂಚಾಯ್ತಿ ಸದಸ್ಯರೆಲ್ಲ ಒಮ್ಮತದಿಂದ ಠರಾವು ಪಾಸ್ ಮಾಡಿದ್ರೂ ಕಾಯ್ದೆಯಲ್ಲಿ ಇಲ್ಲದ ಹೊಸ ತೆರಿಗೆ ಒಂದನ್ನ ಹುಟ್ಟಿಸೋಕಾಗಲ್ಲ. ನಮ್ಮ ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ಆಧಾರ: ಕೃಷಿ ಕಂದಾಯ ಬೀಳದ ಜಾಗ ಮತ್ತು ಕಟ್ಟಡಗಳ ಮೇಲೆ ತೆರಿಗೆ, ಜೊತೆಗೆ ನೀರಿನ ದರ, ಸಂತೆ ಶುಲ್ಕ ಇಂಥವು. ಪಟ್ಟಣ, ಸಣ್ಣ ನಗರಗಳಿಗೆ 1964ರ ಪೌರಸಭೆಗಳ ಕಾಯ್ದೆ, ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ.

ಈಗ ಒಂದು ಆಸ್ತಿ ತೆರಿಗೆ ಬಿಲ್ ತಗೊಳ್ಳಿ, ಯಾಕಂದ್ರೆ ಇಲ್ಲೇ ಬಹಳ ಜನಕ್ಕೆ ಗೊಂದಲ. ನಗರದ ಮನೆಗೆ ತೆರಿಗೆ 1,000 ರೂಪಾಯಿ ಅಂತ ಇಟ್ಕೊಳ್ಳೋಣ. ಅದರ ಮೇಲೆ ಆರೋಗ್ಯ ಸೆಸ್ 15%, ಗ್ರಂಥಾಲಯ ಸೆಸ್ 6%, ಭಿಕ್ಷುಕರ ಸೆಸ್ 3%, ಈ ಮೂರೂ ಸೇರಿ 240 ರೂಪಾಯಿ. ಮನೆಯವ್ರು ಕಟ್ಟೋದು 1,240, ಆದ್ರೆ ನಗರಸಭೆ ಸಾಮಾನ್ಯ ಸಭೆಯಲ್ಲಿ ಕೂತು ಚರಂಡಿಗೋ ಬೀದಿ ದೀಪಕ್ಕೋ ಅಂತ ತೀರ್ಮಾನ ಮಾಡಬಹುದಾದ್ದು ಆ 1,000ದ ಬಗ್ಗೆ ಮಾತ್ರ, ಸೆಸ್ ದುಡ್ಡಿಗೆ ಬೇರೆ ಬೇರೆ ಕಾಯ್ದೆ, ಬೇರೆ ಉದ್ದೇಶ. ಅದಕ್ಕೇ ಡಿಸಿಬಿ, ಅಂದ್ರೆ ಬೇಡಿಕೆ-ವಸೂಲಿ-ಬಾಕಿ ತಖ್ತೆ ನೋಡೋವಾಗ ತೆರಿಗೆ ಎಷ್ಟು, ಸೆಸ್ ಎಷ್ಟು ಅಂತ ಬೇರೆ ಮಾಡಿ ನೋಡ್ಬೇಕು.

ಇನ್ನು ಅನುದಾನ, ನನಗೆ ಇದೇ ಈ ಪಾಠದಲ್ಲಿ ಅತಿ ಮುಖ್ಯ ಅನ್ಸೋದು. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ದೇಶದ ಸ್ಥಳೀಯ ಸಂಸ್ಥೆಗಳಿಗೆ ಒಟ್ಟು 4,36,361 ಕೋಟಿ ರೂಪಾಯಿ ಶಿಫಾರಸು ಮಾಡ್ತು, ಅದ್ರಲ್ಲಿ ಗ್ರಾಮೀಣಕ್ಕೆ 2,36,805 ಕೋಟಿ. ಮೊತ್ತ ದೊಡ್ಡದೇ, ಆದ್ರೆ ಆ ಅವಧಿಯ ಗ್ರಾಮೀಣ ಅನುದಾನದ 60% ನಿರ್ಬಂಧಿತ ಆಗಿತ್ತು, ಅಂದ್ರೆ ಹೇಳಿದ ಕೆಲಸಕ್ಕೇ ಹಾಕ್ಬೇಕಿತ್ತು: ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯೋ ನೀರು, ಮಳೆನೀರು ಕೊಯ್ಲು ಇಂಥದ್ದಕ್ಕೆ. ಉಳಿದ 40% ಮುಕ್ತ, ಆದ್ರೂ ಅದ್ರಲ್ಲಿ ಸಂಬಳ, ಕಚೇರಿ ಖರ್ಚು ಹಾಕೋ ಹಾಗಿರ್ಲಿಲ್ಲ. ಒಂದು ಪಂಚಾಯ್ತಿಗೆ 10 ಲಕ್ಷ ಬಂತು ಅಂದ್ಕೊಂಡು ಲೆಕ್ಕ ಹಾಕಿ: 3 ಲಕ್ಷ ನೈರ್ಮಲ್ಯ, 3 ಲಕ್ಷ ನೀರು, ಉಳಿದಿದ್ದು 4 ಲಕ್ಷ. ಗ್ರಾಮ ಸಭೆಯಲ್ಲಿ ಜನ ಎದ್ದು ನಿಂತು ನಮ್ ಕೇರಿಗೆ ಸಿಸಿ ರಸ್ತೆ ಹಾಕ್ಸಿ ಅಂತಾರೆ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ದುಡ್ಡಿಲ್ಲ ಅಂತಾರೆ, ಜನಕ್ಕೆ ಖಾತೆಯಲ್ಲಿ ಲಕ್ಷಗಟ್ಲೆ ಇದೆ ಅಂತ ಗೊತ್ತು, ಅಲ್ಲಿಗೆ ಜಗಳ ಶುರು. ನೀರಿನ ತಲೆಬರಹದಲ್ಲಿರೋ ದುಡ್ಡು ರಸ್ತೆಗೆ ಬರಲ್ಲ, ಇದನ್ನ ಬೋರ್ಡ್ ಮೇಲೆ ಬರೆದು ಸಭೆಯಲ್ಲಿ ಓದಿ ಹೇಳಿದ್ರೆ ಎಷ್ಟೋ ಅನುಮಾನ ಅಲ್ಲೇ ಕರಗುತ್ತೆ. ಜನಕ್ಕೆ ಲೆಕ್ಕ ಅರ್ಥ ಆಗಲ್ಲ ಅನ್ನೋರ ಮಾತು ನಾನು ಒಪ್ಪಲ್ಲ. ಪಂಚಾಯ್ತಿಯ ಸ್ವಂತ ತೆರಿಗೆಗೆ ಇಂಥ ಕಟ್ಟು ಇಲ್ಲ, ಕಾಯ್ದೆ ಒಪ್ಪೋ ಯಾವ ಕೆಲಸಕ್ಕಾದ್ರೂ ಹಾಕಬಹುದು, ಹಾಗಾಗಿ ಮನೆ ಕಂದಾಯ ವಸೂಲಾಗದ ಪಂಚಾಯ್ತಿಗೆ ಅನುದಾನ ಎಷ್ಟೇ ಬಂದ್ರೂ ತನ್ನದೇ ತೀರ್ಮಾನ ಅಂತ ಇರೋದು ತುಂಬಾ ಕಮ್ಮಿ.

ನಗರ ಸಂಸ್ಥೆಗಳಿಗೆ ಇದೇ ಆಯೋಗ ಇನ್ನೊಂದು ಷರತ್ತು ಹಾಕ್ತು: ರಾಜ್ಯ ಆಸ್ತಿ ತೆರಿಗೆಗೆ ಕನಿಷ್ಠ ದರ ಅಧಿಸೂಚನೆ ಹೊರಡಿಸಬೇಕು, ಆಮೇಲೆ ವಸೂಲಿನೂ ರಾಜ್ಯದ ಜಿಎಸ್‌ಡಿಪಿ, ಅಂದ್ರೆ ರಾಜ್ಯದ ಒಟ್ಟು ಉತ್ಪನ್ನ, ಬೆಳೆದ ಹಾಗೆ ಬೆಳೀಬೇಕು. ಅಂದ್ರೆ ತೆರಿಗೆ ಏರಿಸೋ ತೀರ್ಮಾನ ಸ್ಥಳೀಯದ್ದು ಅಂತ ಕಂಡ್ರೂ ಹಿಂದೆ ದೆಹಲಿಯ ಒತ್ತಡ ಇದೆ.

ಜಿಎಸ್‌ಟಿ ಪಾಯಿಂಟ್ ಬಿಡ್ಬೇಡಿ, ಪ್ರಿಲಿಮ್ಸ್‌ಗೆ ಒಳ್ಳೇದು. 2017ರ ಜುಲೈ 1ರಿಂದ ಪ್ರವೇಶ ತೆರಿಗೆ, ಆಕ್ಟ್ರಾಯ್ (ಊರೊಳಗೆ ಬರೋ ಸರಕಿನ ಮೇಲಿನ ಸುಂಕ) ಎಲ್ಲಾ ಹೋದ್ವು, ರಾಜ್ಯ ಪಟ್ಟಿಯಿಂದ ಜಾಹೀರಾತು ತೆರಿಗೆ ನಮೂದೂ ಹೋಯ್ತು, ಆದ್ರೆ ಪಂಚಾಯ್ತಿ ಅಥವಾ ನಗರ ಸಂಸ್ಥೆಯೇ ಹಾಕಿ ವಸೂಲಿ ಮಾಡೋ ಮನರಂಜನಾ ತೆರಿಗೆ ಮಾತ್ರ 62ನೇ ನಮೂದಿನಲ್ಲಿ ಉಳೀತು.

ರಾಜ್ಯದ ದುಡ್ಡಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಎಷ್ಟು ಪಾಲು ಅಂತ ಶಿಫಾರಸು ಮಾಡೋ ರಾಜ್ಯ ಹಣಕಾಸು ಆಯೋಗ 5 ವರ್ಷಕ್ಕೊಮ್ಮೆ ಆಗ್ಬೇಕು ಅನ್ನೋದು 243ಐ ಮತ್ತು 243ವೈ ವಿಧಿಗಳಲ್ಲಿದೆ.

ಕೊನೇದು ಸಾಲ. ನೀರು ಸರಬರಾಜಿನಂಥ ದೊಡ್ಡ ಯೋಜನೆಗೆ ಒಂದು ವರ್ಷದ ತೆರಿಗೆ ಸಾಲಲ್ಲ, ಆವಾಗ ಬಾಂಡ್, ಅಂದ್ರೆ ಹೂಡಿಕೆದಾರರಿಂದ ಸಾಲ ಎತ್ತೋ ಪತ್ರ. ದೇಶದಲ್ಲಿ ಮೊದ್ಲು ಪುರಸಭಾ ಬಾಂಡ್ ತಂದಿದ್ದು ಬೆಂಗಳೂರು, 1997ರಲ್ಲಿ 125 ಕೋಟಿಗೆ, ರಾಜ್ಯ ಸರ್ಕಾರದ ಗ್ಯಾರಂಟಿ ಮೇಲೆ. ಮಾರನೇ ವರ್ಷ ಅಹಮದಾಬಾದ್ 100 ಕೋಟಿ ಎತ್ತಿದ್ದು ಸರ್ಕಾರದ ಗ್ಯಾರಂಟಿ ಇಲ್ದೆ, ತನ್ನದೇ ವಸೂಲಿ ತೋರಿಸಿ, ಉತ್ತರದಲ್ಲಿ ಈ ವ್ಯತ್ಯಾಸ ಬರೀಲೇಬೇಕು. ಸಣ್ಣ ಊರಿಗೆ ಒಬ್ಬೊಬ್ರಾಗಿ ಬಾಂಡ್ ತರೋದು ಕಷ್ಟ, ಅದಕ್ಕೆ ಬೆಂಗಳೂರು ಸುತ್ತಲಿನ 8 ಪಟ್ಟಣಗಳ ಕುಡಿಯೋ ನೀರಿಗೆ 2005ರಲ್ಲಿ ಎಲ್ಲರನ್ನೂ ಸೇರಿಸಿ 100 ಕೋಟಿಯ ಒಂದೇ ಬಾಂಡ್ ತಂದ್ರು. ಬಾಂಡ್‌ಗೂ ಅನುದಾನಕ್ಕೂ ಇರೋ ಫರಕ್ಕು ಏನಂದ್ರೆ, ಇದನ್ನ ಬಡ್ಡಿ ಸಮೇತ ವಾಪಸ್ ಕಟ್ಬೇಕು, ಇವತ್ತಿನ ಕೌನ್ಸಿಲ್ ತಗೊಂಡ ತೀರ್ಮಾನಕ್ಕೆ ಮುಂದಿನ ಕೌನ್ಸಿಲ್‌ಗಳ ತೆರಿಗೆ ದುಡ್ಡೂ ಹೋಗುತ್ತೆ.